ಬೇಸಿಗೆ ಕಾರ್ಯಕ್ರಮಗಳ ತಂಪು ಹೊತ್ತು ಯಾರ ಪಾಲಿಗೆ?

2019ರ ಸೆಪ್ಟೆಂಬರ್ 27ರಂದು ದೋಹಾದಲ್ಲಿ ವಿಶ್ವ ಅಥ್ಲೆಟಿಕ್ಸ್ ಚಾಂಪಿಯನ್‌ಷಿಪ್‌ನ ಮಹಿಳಾ ಮ್ಯಾರಥಾನ್ ಶುರುವಾಗಿದ್ದು ರಾತ್ರಿ 11 ಗಂಟೆ 59 ನಿಮಿಷಕ್ಕೆ. ಬಿಸಿಲು ತಪ್ಪಿಸಲೆಂದೇ ಆ ಅಪರಾತ್ರಿ. ಆದರೂ ಉಷ್ಣತೆ 30 ಡಿಗ್ರಿಗಿಂತ ಮೇಲೇ ಇತ್ತು, ಗಾಳಿಯಲ್ಲಿ ತೇವ ಬೇರೆ. ಓಟಕ್ಕೆ ನಿಂತವರು 68 ಜನ. ಅವರಲ್ಲಿ 28 ಜನ ಅರ್ಧಕ್ಕೇ ಬಿಟ್ಟರು. ಸುಮ್ನೆ ಹವ್ಯಾಸಕ್ಕೆ ಓಡುವವರಲ್ಲ ಇವರು. ತಂತಮ್ಮ ದೇಶದಲ್ಲಿ ಮೊದಲ ಸಾಲಿನವರು.

ಮುಂದಿನ ತಿಂಗಳೇ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಟೋಕಿಯೊ ಕೂಟದ ಮ್ಯಾರಥಾನನ್ನು ಅಲ್ಲಿಂದ ಸುಮಾರು 800 ಕಿಲೋಮೀಟರ್ ಉತ್ತರದ ಸಪ್ಪೊರೊಗೆ ಕಳಿಸಿಬಿಟ್ಟಿತು. ಟೋಕಿಯೊ ಆಡಳಿತ ಎಷ್ಟು ಬೇಜಾರು ಮಾಡಿಕೊಂಡರೂ ತೀರ್ಮಾನ ಬದಲಾಗಲಿಲ್ಲ. 2022ರ ಕತಾರ್ ಫುಟ್‌ಬಾಲ್ ವಿಶ್ವಕಪ್ ಕೂಡ ಬೇಸಿಗೆ ಬಿಟ್ಟು ನವೆಂಬರ್-ಡಿಸೆಂಬರಿಗೆ ಹೋಯಿತು. ದೊಡ್ಡ ಕೂಟಗಳಿಗೆ ಈ ಅನುಕೂಲ ಇದೆ. ದಿನ ಬದಲಿಸಬಹುದು, ಊರು ಬದಲಿಸಬಹುದು, ಬೇಕಿದ್ದರೆ ನಡುರಾತ್ರಿ ಓಡಿಸಬಹುದು.

ಬಡಾವಣೆಯ ಮೈದಾನದಲ್ಲಿ ನಡೆಯುವ ಮಕ್ಕಳ ಫುಟ್‌ಬಾಲ್ ಶಿಬಿರಕ್ಕೆ? ಪಾರ್ಕಿನ ಸಂಗೀತ ಸಂಜೆಗೆ? ಬೀದಿ ನಾಟಕಕ್ಕೆ? ಬೇಸಿಗೆ ಬಂದರೆ ಪ್ರತಿ ನಗರವೂ ಇಂಥವುಗಳ ಉದ್ದನೆಯ ಪಟ್ಟಿ ಹೊರಡಿಸುತ್ತದೆ. ಎಷ್ಟು ಉತ್ಸವ, ಎಷ್ಟು ಶಿಬಿರ, ಎಷ್ಟು ಸಾವಿರ ಜನ ಸೇರಿದರು ಅಂತ ಲೆಕ್ಕ ಕೊಡುತ್ತದೆ. ಆ ಲೆಕ್ಕಕ್ಕಿಂತ ನಾನು ಮೊದಲು ನೋಡುವುದು ಸಮಯದ ಕಾಲಂ. ದಿನದಲ್ಲಿ ಮೈಗೆ ಹಿತವಾಗಿರುವ ಗಂಟೆಗಳು ಕಡಿಮೆಯಾಗುತ್ತಿವೆ. ಆ ಗಂಟೆಗಳು ಯಾರಿಗೆ ಸಿಗುತ್ತಿವೆ, ಉಳಿದ ಬಿಸಿಲು ಯಾರ ತಲೆ ಮೇಲೆ ಬೀಳುತ್ತಿದೆ ಅನ್ನುವುದರಲ್ಲೇ ಈಗಿನ ಬೇಸಿಗೆ ಕಾರ್ಯಕ್ರಮಗಳ ಅಸಲಿ ಕಥೆ ಇದೆ.

ರಜೆ ಇದೆ, ಬೆಳಕಿಲ್ಲ

ಇಷ್ಟೆಲ್ಲ ಬೇಸಿಗೆಯಲ್ಲೇ ಯಾಕೆ? ಶಾಲೆಗೆ ರಜೆ ಅನ್ನುವುದು ಎಲ್ಲರಿಗೂ ಗೊತ್ತಿರುವ ಉತ್ತರ. ಇನ್ನೊಂದು ಕಾರಣ ಹಗಲಿನ ಉದ್ದ. ಲಂಡನ್‌ನಲ್ಲಿ ಜೂನ್ ಕೊನೆಗೆ ಸೂರ್ಯ ಮುಳುಗುವಾಗ ರಾತ್ರಿ ಒಂಬತ್ತು ಗಂಟೆ ದಾಟಿರುತ್ತದೆ. ಕೆಲಸ ಮುಗಿಸಿ, ಮನೆಗೆ ಹೋಗಿ, ಮಕ್ಕಳನ್ನು ಕರೆದುಕೊಂಡು ಪಾರ್ಕಿಗೆ ಬಂದರೂ ಇನ್ನೂ ಬೆಳಕಿರುತ್ತದೆ. ಬಯಲು ನಾಟಕ, ಬಯಲು ಸಂಗೀತ, ಸಂಜೆಯ ಆಟ ಎಲ್ಲ ಈ ಬೆಳಕನ್ನು ನಂಬಿಕೊಂಡು ಬೆಳೆದವು.

ಕಲೆಗೂ ಬೇಸಿಗೆ ಒಂದು ಬಾಗಿಲು ತೆರೆಯಿತು. 1895ರ ಆಗಸ್ಟ್‌ನಲ್ಲಿ ಲಂಡನ್ನಿನ ಕ್ವೀನ್ಸ್ ಹಾಲ್‌ನಲ್ಲಿ ಪ್ರಾಮ್ಸ್ ಕಛೇರಿಗಳು ಶುರುವಾದವು. ಸಭಾಂಗಣದ ಮ್ಯಾನೇಜರ್ ರಾಬರ್ಟ್ ನ್ಯೂಮನ್, ವಾದ್ಯವೃಂದ ನಡೆಸಿದವರು ಹೆನ್ರಿ ವುಡ್. ನಿಂತು ಕೇಳುವವರಿಗೆ ಟಿಕೆಟ್ ಒಂದು ಶಿಲಿಂಗ್. ಹಾಲ್ ಬದಲಾಯಿತು, ನಡೆಸುವವರು ಬದಲಾದರು, ಆದರೆ ನಿಂತು ಕೇಳುವ ಅಗ್ಗದ ಟಿಕೆಟ್ ಇವತ್ತಿಗೂ ಇದೆ. 1947ರಲ್ಲಿ ಎಡಿನ್‌ಬರೋದಲ್ಲಿ ದೊಡ್ಡ ಕಲಾ ಉತ್ಸವ ಶುರುವಾದಾಗ ಕರೆಯದೇ ಇದ್ದ ಎಂಟು ನಾಟಕ ತಂಡಗಳು ಬಂದು ತಮ್ಮ ಪಾಡಿಗೆ ಪ್ರದರ್ಶನ ಕೊಟ್ಟವು. ಅದೇ ಬೆಳೆದು ಫ್ರಿಂಜ್ ಆಯಿತು. ಇವತ್ತು ಕರೆದವರ ಉತ್ಸವಕ್ಕಿಂತ ಕರೆಯದವರ ಉತ್ಸವವೇ ದೊಡ್ಡದು.

ಈ ಮಾದರಿಯನ್ನು ಜಗತ್ತಿನ ಎಲ್ಲ ಕಡೆ ನಗರಗಳು ಎತ್ತಿಕೊಂಡವು. ಆದರೆ ಸಮಭಾಜಕ ವೃತ್ತಕ್ಕೆ ಹತ್ತಿರದ ಊರುಗಳಲ್ಲಿ ಬೇಸಿಗೆಯ ಹಗಲು ಚಳಿಗಾಲದ ಹಗಲಿಗಿಂತ ಅಬ್ಬಬ್ಬಾ ಅಂದರೆ ಒಂದೆರಡು ಗಂಟೆ ಜಾಸ್ತಿ. ಸಂಜೆ ಏಳರ ಹೊತ್ತಿಗೆ ಕತ್ತಲು. ಅಂದರೆ ಅಲ್ಲಿ ರಜೆ ಸಿಕ್ಕಿತು, ಬಿಸಿಲೂ ಸಿಕ್ಕಿತು, ಉದ್ದನೆಯ ತಂಪು ಸಂಜೆ ಮಾತ್ರ ಸಿಗಲಿಲ್ಲ. ಇಂಥ ಊರಲ್ಲಿ ಮೈದಾನಕ್ಕೆ ನಾಲ್ಕು ಕಂಬ ನೆಟ್ಟು ಒಳ್ಳೆಯ ದೀಪ ಹಾಕುವುದೇ ದೊಡ್ಡ ಬೇಸಿಗೆ ಕಾರ್ಯಕ್ರಮ. ಉದ್ಘಾಟನೆಗೆ ಅದು ಅಷ್ಟು ಆಕರ್ಷಕವಾಗಿ ಕಾಣುವುದಿಲ್ಲ, ಅಷ್ಟೆ.

ರಜೆಯ ಬಗ್ಗೆಯೂ ಒಂದು ಮಾತು. ರಜೆ ಬಂತು, ಮಕ್ಕಳು ಆಡಿಕೊಂಡಿರುತ್ತಾರೆ ಅಂತ ನಾವು ಅಂದುಕೊಳ್ಳುತ್ತೇವೆ. ಅಮೆರಿಕದಲ್ಲಿ ಪುಟ್ಟ ಮಕ್ಕಳ ತೂಕವನ್ನು ಶಾಲೆಯ ತಿಂಗಳುಗಳಲ್ಲೂ ರಜೆಯಲ್ಲೂ ಅಳೆದು ನೋಡಿದಾಗ, ಎತ್ತರಕ್ಕೆ ಹೋಲಿಸಿದರೆ ತೂಕ ಬೇಗ ಏರಿದ್ದು ಬೇಸಿಗೆ ರಜೆಯಲ್ಲಿ. ಶಾಲೆ ಅಂದರೆ ಗಂಟೆ ಹೊಡೆದಾಗ ಊಟ, ಗಂಟೆ ಹೊಡೆದಾಗ ಆಟ. ಅದು ತಪ್ಪಿತು ಅಂದರೆ ಮಗು ಸೋಫಾ ಸೇರುತ್ತದೆ. ಹೊರಗೆ 38 ಡಿಗ್ರಿ ಇದ್ದರೆ ಕೇಳುವುದೇ ಬೇಡ. ಹಾಗಾಗಿ ಬೇಸಿಗೆ ಶಿಬಿರ ಅಂದರೆ ಅನುಕೂಲಸ್ಥರ ಶೋಕಿ ಅಂತ ತಳ್ಳಿಹಾಕುವುದು ನನಗೆ ಸರಿ ಕಾಣುವುದಿಲ್ಲ.

ಮೂರು ಥರ್ಮಾಮೀಟರು

ಇವತ್ತು ಎಷ್ಟು ಡಿಗ್ರಿ ಅಂತ ಫೋನಿನಲ್ಲಿ ನೋಡಿ ಆಟ ನಡೆಸಬೇಕೋ ಬೇಡವೋ ಅಂತ ತೀರ್ಮಾನಿಸುವವರೇ ಜಾಸ್ತಿ. ಆ ಒಂದೇ ಅಂಕಿ ನಂಬಿದರೆ ಕೆಡುತ್ತೇವೆ. ನಮ್ಮ ಮೈ ತಣ್ಣಗಾಗುವುದು ಬೆವರು ಸುರಿಯುವುದರಿಂದಲ್ಲ, ಬೆವರು ಆರುವುದರಿಂದ. ಗಾಳಿಯಲ್ಲಿ ಆಗಲೇ ತೇವ ತುಂಬಿದ್ದರೆ ಬೆವರು ಆರುವುದಿಲ್ಲ, ಸುಮ್ನೆ ಹರಿದುಹೋಗುತ್ತದೆ.

ಇದಕ್ಕೆಂದೇ ಬೇರೆ ಅಳತೆಯೊಂದಿದೆ. ವೆಟ್ ಬಲ್ಬ್ ಗ್ಲೋಬ್ ಟೆಂಪರೇಚರ್, ಚಿಕ್ಕದಾಗಿ ಡಬ್ಲ್ಯುಬಿಜಿಟಿ. 1950ರ ದಶಕದಲ್ಲಿ ಅಮೆರಿಕದ ನೌಕಾ ಸೈನಿಕರ ತರಬೇತಿ ಶಿಬಿರಗಳಲ್ಲಿ ಹೊಸ ಹುಡುಗರು ಕವಾಯತಿನಲ್ಲಿ ಕುಸಿದು ಬೀಳುತ್ತಿದ್ದಾಗ ರೂಪಿಸಿದ್ದು. ಇದರಲ್ಲಿ ಮೂರು ಥರ್ಮಾಮೀಟರುಗಳಿವೆ. ಒಂದರ ಬುಡಕ್ಕೆ ಒದ್ದೆ ಬಟ್ಟೆ ಸುತ್ತಿರುತ್ತದೆ. ಇನ್ನೊಂದು ಕಪ್ಪು ಬಳಿದ ಟೊಳ್ಳು ಗುಂಡಿನೊಳಗೆ ಕೂತು ನೇರ ಬಿಸಿಲಿನ ಕಾವನ್ನು ಹಿಡಿಯುತ್ತದೆ. ಮೂರನೆಯದು ನೆರಳಲ್ಲಿರುವ ಮಾಮೂಲಿ ಥರ್ಮಾಮೀಟರು. ಒದ್ದೆ ಬಟ್ಟೆಯದಕ್ಕೆ ಶೇ 70, ಕಪ್ಪು ಗುಂಡಿಗೆ ಶೇ 20, ಮಾಮೂಲಿಯದಕ್ಕೆ ಬರೀ ಶೇ 10 ತೂಕ ಕೊಟ್ಟು ಕೂಡಿಸುತ್ತಾರೆ. ಫೋನಿನಲ್ಲಿ ನಾವು ನೋಡುವ ಅಂಕಿ ಆ ಹತ್ತರ ಪಾಲಿನದು.

ಲೆಕ್ಕ ಹಾಕಿ ನೋಡಿ. ಗಾಳಿ 40 ಡಿಗ್ರಿ, ಆದರೆ ಒಣ ಹವೆ, ಒದ್ದೆ ಬಟ್ಟೆಯದು 22, ಕಪ್ಪು ಗುಂಡು 52. ಕೂಡಿಸಿದರೆ 29.8. ಇನ್ನೊಂದು ಊರಲ್ಲಿ ಗಾಳಿ 34 ಡಿಗ್ರಿ, ಒದ್ದೆ ಬಟ್ಟೆಯದು 28, ಕಪ್ಪು ಗುಂಡು 45. ಕೂಡಿಸಿದರೆ 32. ನಲವತ್ತರ ಊರಿಗಿಂತ ಮೂವತ್ತನಾಲ್ಕರ ಊರಲ್ಲಿ ಓಡುವುದು ಅಪಾಯ. ಆ 32 ಅನ್ನುವ ಅಂಕಿ ಸಾಮಾನ್ಯದ್ದಲ್ಲ. ಫುಟ್‌ಬಾಲಿನಲ್ಲಿ ಆಟ ನಿಲ್ಲಿಸಿ ನೀರು ಕುಡಿಯಲು ಫೀಫಾ ಹಾಕಿಕೊಂಡ ಗೆರೆ ಅದೇ. ವಿಶ್ವಕಪ್‌ನಲ್ಲಿ ಮೊದಲ ಬಾರಿ ಅಧಿಕೃತವಾಗಿ ಹಾಗೆ ಆಟ ನಿಂತಿದ್ದು 2014ರಲ್ಲಿ, ಬ್ರೆಜಿಲ್‌ನ ಫೋರ್ಟಲೆಜಾದಲ್ಲಿ, ನೆದರ್ಲೆಂಡ್ಸ್ ಮತ್ತು ಮೆಕ್ಸಿಕೊ ಪಂದ್ಯದಲ್ಲಿ. 2026ರ ವಿಶ್ವಕಪ್‌ಗೆ ಹವೆ ಹೇಗೇ ಇರಲಿ, ಪ್ರತಿ ಅರ್ಧದಲ್ಲೂ ಮೂರು ನಿಮಿಷದ ಬಿಡುವು ಅಂತ ನಿಯಮವೇ ಆಯಿತು. (ಆ ಮೂರು ನಿಮಿಷ ಟೀವಿಯವರಿಗೂ ಬೇಡವಾಗಿರಲಿಕ್ಕಿಲ್ಲ.) ಆಸ್ಟ್ರೇಲಿಯನ್ ಓಪನ್ ಟೆನಿಸ್ 2019ರಿಂದ ಒಂದರಿಂದ ಐದರವರೆಗಿನ ಅಳತೆಗೋಲು ಇಟ್ಟುಕೊಂಡಿದೆ. ಐದು ಮುಟ್ಟಿದರೆ ಆಟ ನಿಲ್ಲುತ್ತದೆ. ಯಾರಿಗೂ ತಕರಾರು ಮಾಡಲು ಅವಕಾಶವಿಲ್ಲ.

ಈ ಉಪಕರಣ ಕೈಯಲ್ಲಿ ಹಿಡಿಯುವಷ್ಟು ಚಿಕ್ಕದಾಗಿಯೂ ಸಿಗುತ್ತದೆ. ಒಂದು ನಗರದ ಕ್ರೀಡಾ ಇಲಾಖೆ ಮೈದಾನಕ್ಕೊಂದರಂತೆ ಕೊಡುವುದು ಅಂಥ ದೊಡ್ಡ ಖರ್ಚಲ್ಲ. ಕಷ್ಟ ಇರುವುದು ಆಮೇಲೆ. ಅಂಕಿ ಗೆರೆ ದಾಟಿದಾಗ ನಿಲ್ಲಿಸಿ ಅನ್ನುವ ಅಧಿಕಾರ ಯಾರಿಗೆ? ಕೋಚ್‌ಗೆ ಕೊಟ್ಟರೆ ಅವರು ನಿಲ್ಲಿಸುವುದಿಲ್ಲ. ಫೈನಲ್ ಇದೆ, ಕಪ್ ಕೊಡುವವರು ಆಗಲೇ ಬಂದು ಕೂತಿದ್ದಾರೆ, ಹೇಗೆ ನಿಲ್ಲಿಸುತ್ತಾರೆ? ಆಟದ ಗೆಲುವು ಸೋಲಿಗೆ ಸಂಬಂಧವೇ ಇಲ್ಲದ ಒಬ್ಬರ ಕೈಗೆ ಆ ಸೀಟಿ ಕೊಡಬೇಕು.

ಮೊದಲ ವಾರವೇ ಹೆಚ್ಚು ಅಪಾಯ ಅನ್ನುವುದೂ ಗೊತ್ತಿರಲಿ. ಸೆಕೆಗೆ ಮೈ ಒಗ್ಗಿಕೊಳ್ಳಲು ಹತ್ತರಿಂದ ಹದಿನಾಲ್ಕು ದಿನ ಬೇಕು. ಬೆವರು ಬೇಗ ಬರುವುದು, ರಕ್ತದಲ್ಲಿ ನೀರಿನ ಅಂಶ ಏರುವುದು, ಎಲ್ಲ ನಿಧಾನವಾಗಿ ಆಗುವ ಬದಲಾವಣೆಗಳು. ಪರೀಕ್ಷೆ ಮುಗಿಸಿ, ತಿಂಗಳುಗಟ್ಟಲೆ ಕೂತಿದ್ದ ಮಕ್ಕಳನ್ನು ಶಿಬಿರದ ಮೊದಲ ದಿನವೇ ಮೈದಾನಕ್ಕೆ ಹತ್ತು ಸುತ್ತು ಓಡಿಸುವ ತರಬೇತುದಾರರು ಇನ್ನೂ ಇದ್ದಾರೆ. ಹತ್ತು ದಿನದ ಶಿಬಿರ ಅಂದರೆ ಮೈ ಒಗ್ಗಿಕೊಳ್ಳುವ ಹೊತ್ತಿಗೆ ಶಿಬಿರವೇ ಮುಗಿದಿರುತ್ತದೆ. ಅಂಥ ಕಡೆ ಮೊದಲ ಅರ್ಧ ಹಗುರವಾಗಿಯೇ ಇರಬೇಕು. ಪೋಷಕರು ದುಡ್ಡು ಕೊಟ್ಟಿದ್ದೇವೆ, ಮಕ್ಕಳನ್ನು ಸರಿಯಾಗಿ ಓಡಿಸಿ ಅಂದರೂ ಸರಿ.

ಯಾರಾದರೂ ಬಿದ್ದೇ ಬಿಟ್ಟರೆ? ಅಮೆರಿಕದ ಮ್ಯಾಸಚೂಸೆಟ್ಸ್‌ನ ಫಾಲ್ಮತ್‌ನಲ್ಲಿ ಪ್ರತಿ ಆಗಸ್ಟ್‌ನಲ್ಲಿ ಏಳು ಮೈಲಿ ಓಟ ನಡೆಯುತ್ತದೆ. ಓಟದ ಕೊನೆಯಲ್ಲಿ ವೈದ್ಯರ ಟೆಂಟಿನಲ್ಲಿ ಐಸ್ ನೀರು ತುಂಬಿದ ತೊಟ್ಟಿಗಳನ್ನು ಇಟ್ಟಿರುತ್ತಾರೆ. ಓಟಗಾರ ತಡವರಿಸುತ್ತಿದ್ದರೆ, ಮಾತು ತೊದಲುತ್ತಿದ್ದರೆ ಒಳಗೆ ಕರೆತಂದು ದೇಹದೊಳಗಿನ ಉಷ್ಣತೆ ನೋಡುತ್ತಾರೆ. ವಿಪರೀತ ಏರಿದ್ದರೆ ಎತ್ತಿ ತೊಟ್ಟಿಗೆ ಹಾಕುತ್ತಾರೆ. 18 ವರ್ಷಗಳ ದಾಖಲೆ ತೆಗೆದು ನೋಡಿದಾಗ ಅಲ್ಲಿ 274 ಜನರಿಗೆ ಹೀಟ್ ಸ್ಟ್ರೋಕ್ ಆಗಿತ್ತು. ಒಬ್ಬರೂ ಸಾಯಲಿಲ್ಲ. ಮೊದಲು ತಣ್ಣಗೆ ಮಾಡು, ಆಮೇಲೆ ಆಸ್ಪತ್ರೆಗೆ ಸಾಗಿಸು ಅನ್ನುವುದೇ ಅಲ್ಲಿನ ಕ್ರಮ. ನಾವು ಬಹಳ ಕಡೆ ನೋಡುವುದು ಉಲ್ಟಾ. ಮುಖಕ್ಕೆ ನೀರು ಚಿಮುಕಿಸಿ, ಸುತ್ತ ಜನ ಮುತ್ತಿ, ಆಂಬುಲೆನ್ಸ್ ದಾರಿ ಕಾಯುತ್ತಾ ಅರ್ಧ ಗಂಟೆ ಕಳೆದುಬಿಡುತ್ತೇವೆ. ಜೀವ ಉಳಿಯುವುದೋ ಇಲ್ಲವೋ ಅನ್ನುವುದು ಆ ಅರ್ಧ ಗಂಟೆಯಲ್ಲೇ ತೀರ್ಮಾನವಾಗುತ್ತದೆ. ಒಂದು ದೊಡ್ಡ ತೊಟ್ಟಿ, ಸಾಕಷ್ಟು ಐಸ್, ತರಬೇತಿ ಪಡೆದ ಇಬ್ಬರು. ಅಷ್ಟಿದ್ದರೆ ಬಹಳ ಆಯಿತು.

ನೆಲವನ್ನೂ ನೋಡಬೇಕು. ನೀರು ಉಳಿಯುತ್ತದೆ, ವರ್ಷವಿಡೀ ಆಡಬಹುದು ಅಂತ ನಗರಗಳು ಮೈದಾನಗಳಿಗೆ ಕೃತಕ ಹುಲ್ಲು ಹಾಸುತ್ತಿವೆ. ನಿಜವಾದ ಹುಲ್ಲು ತನ್ನೊಳಗಿನ ನೀರನ್ನು ಆವಿ ಮಾಡಿ ತಂಪಾಗಿರುತ್ತದೆ. ಪ್ಲಾಸ್ಟಿಕ್ ಹುಲ್ಲಿಗೆ ಆ ದಾರಿ ಇಲ್ಲ. ಬೇಸಿಗೆಯ ನಡುಹಗಲಲ್ಲಿ ಅದರ ಮೇಲ್ಮೈ 60 ಡಿಗ್ರಿ ದಾಟುತ್ತದೆ. ನೀರು ಹೊಡೆದರೂ ಸ್ವಲ್ಪ ಹೊತ್ತಿಗೆ ಮತ್ತೆ ಅದೇ ಕತೆ. ಚಿಕ್ಕ ಮಕ್ಕಳು ನೆಲಕ್ಕೆ ಹತ್ತಿರ ಇರುತ್ತಾರೆ, ಕಾವು ಅವರಿಗೇ ಜಾಸ್ತಿ ಬಡಿಯುತ್ತದೆ.

ಸಂಜೆಯ ಕಛೇರಿ, ಮಧ್ಯಾಹ್ನದ ಪೆಂಡಾಲು

ಬಿಸಿಲಿನ ಬಗ್ಗೆ ಕ್ರೀಡೆಯವರು ಮಾತಾಡಿದಷ್ಟು ಕಲೆಯವರು ಮಾತಾಡುವುದಿಲ್ಲ. ಆದರೆ ಅಲ್ಲಿನ ಕಷ್ಟವೂ ಕಡಿಮೆಯದಲ್ಲ. ಬಯಲಿನಲ್ಲಿ ವಾದ್ಯವೃಂದ ಕೂತಿದೆ ಅನ್ನಿ. ಸೆಕೆ ಏರಿದಂತೆ ಗಾಳಿಯಲ್ಲಿ ಶಬ್ದದ ವೇಗ ಏರುತ್ತದೆ, ಹಾಗಾಗಿ ಊದುವ ವಾದ್ಯಗಳ ಶ್ರುತಿ ಮೇಲೆ ಹೋಗುತ್ತದೆ. ಅದೇ ಸೆಕೆಗೆ ತಂತಿ ಸಡಿಲವಾಗಿ ಪಿಟೀಲಿನ ಶ್ರುತಿ ಕೆಳಗಿಳಿಯುತ್ತದೆ. ಒಂದೇ ವೇದಿಕೆ, ಒಂದೇ ರಾಗ, ಎರಡು ದಿಕ್ಕಿಗೆ ಎಳೆದಾಟ. ಮರದ ವಾದ್ಯಗಳು ಬಿರುಕು ಬಿಡುವ ಭಯ ಬೇರೆ. ಹೊರದೇಶಗಳ ಎಷ್ಟೋ ವಾದ್ಯವೃಂದಗಳು ಇಷ್ಟು ಡಿಗ್ರಿಗಿಂತ ಮೇಲೆ, ನೇರ ಬಿಸಿಲಿಗೆ ಕೂತು ನುಡಿಸುವುದಿಲ್ಲ ಅಂತ ಒಪ್ಪಂದದಲ್ಲೇ ಬರೆಸಿಕೊಳ್ಳುತ್ತವೆ. ನೃತ್ಯದವರಿಗೆ ಕಪ್ಪು ಹಾಸಿನ ವೇದಿಕೆ. ಹಗಲೆಲ್ಲ ಕಾದ ಆ ಹಾಸಿನ ಮೇಲೆ ಸಂಜೆ ಐದಕ್ಕೆ ಬರಿಗಾಲಲ್ಲಿ ರಿಹರ್ಸಲ್ ಮಾಡಿ ಅಂದರೆ ಪಾದ ಏನಾಗಬೇಡ?

ಇದೆಲ್ಲ ಗೊತ್ತಿರುವ ಆಯೋಜಕರು ಕಾರ್ಯಕ್ರಮವನ್ನು ಸಂಜೆ ಏಳಕ್ಕೆ ಇಡುತ್ತಾರೆ. ಒಳ್ಳೆಯದೇ. ಆದರೆ ಸಂಜೆ ಏಳಕ್ಕೆ ದೀಪ ಬೆಳಗಬೇಕಾದರೆ ವೇದಿಕೆ ಎಷ್ಟು ಹೊತ್ತಿಗೆ ಕಟ್ಟಬೇಕು? ಸೌಂಡ್ ಚೆಕ್ ನಾಲ್ಕು ಗಂಟೆಗೆ. ಅದಕ್ಕೆ ಮೊದಲು ದೀಪದ ಕೆಲಸ. ಅದಕ್ಕೂ ಮೊದಲು ಕಬ್ಬಿಣದ ಪೈಪು, ಹಲಗೆ, ಶಾಮಿಯಾನ, ಜನರೇಟರ್. ಅಂದರೆ ಬೆಳಗ್ಗೆ ಹತ್ತರಿಂದ ಮಧ್ಯಾಹ್ನ ಮೂರರವರೆಗೆ, ಬಿಸಿಲು ನೆತ್ತಿ ಸುಡುವಾಗ, ಕಾದ ಕಬ್ಬಿಣ ಹಿಡಿದು ಏಣಿ ಮೇಲೆ ನಿಂತವರಿದ್ದಾರೆ. ಕುರ್ಚಿ ಹಾಕುವವರು, ಬ್ಯಾನರ್ ಕಟ್ಟುವವರು, ಮೈದಾನ ಗುಡಿಸುವವರು ಎಲ್ಲ ಆ ಹೊತ್ತಿನವರೇ. ಕಾರ್ಯಕ್ರಮ ತಂಪು ಹೊತ್ತಿಗೆ ಜರುಗಿತು ಅಂತ ನಾವು ಹೇಳುವಾಗ ಬಿಸಿಲು ಎಲ್ಲೂ ಹೋಗಿರುವುದಿಲ್ಲ. ಪೋಸ್ಟರ್‌ನಲ್ಲಿ ಹೆಸರಿರುವವರಿಂದ ಹೆಸರಿಲ್ಲದವರಿಗೆ ದಾಟಿರುತ್ತದೆ.

ಇದಕ್ಕೆ ನಿಯಮ ಮಾಡಲು ಆಗುವುದಿಲ್ಲ ಅನ್ನುವ ಹಾಗಿಲ್ಲ. ವಿಶ್ವಕಪ್ ಕೆಲಸಗಾರರ ವಿಷಯದಲ್ಲಿ ಜಗತ್ತಿನಿಂದ ಬೈಸಿಕೊಂಡ ಕತಾರ್ 2021ರಲ್ಲಿ ಕಾನೂನು ಬಿಗಿ ಮಾಡಿತು. ಜೂನ್ 1ರಿಂದ ಸೆಪ್ಟೆಂಬರ್ 15ರವರೆಗೆ ಬೆಳಗ್ಗೆ 10ರಿಂದ ಮಧ್ಯಾಹ್ನ 3.30ರವರೆಗೆ ಹೊರಗಿನ ಕೆಲಸ ನಿಷಿದ್ಧ. ಅದರ ಜೊತೆಗೆ, ಯಾವ ಹೊತ್ತೇ ಆಗಲಿ ಡಬ್ಲ್ಯುಬಿಜಿಟಿ 32.1 ದಾಟಿದರೆ ಕೆಲಸ ನಿಲ್ಲಿಸಬೇಕು. ಆಟಗಾರರಿಗೆ ಇಟ್ಟ ಗೆರೆಯೇ ಕೂಲಿಯವರಿಗೂ ಬಂತು, ತಡವಾಗಿಯಾದರೂ. ನಗರಪಾಲಿಕೆಗಳು ಮೈದಾನ ಬಾಡಿಗೆಗೆ ಕೊಡುವಾಗ ಹಾಕುವ ಷರತ್ತುಗಳಲ್ಲಿ ಶಬ್ದದ ಮಿತಿ ಇರುತ್ತದೆ, ಕಸದ ಠೇವಣಿ ಇರುತ್ತದೆ. ಕಟ್ಟುವವರ ಹೊತ್ತಿನ ಬಗ್ಗೆ ಒಂದು ಸಾಲು ಸೇರಿಸುವುದು ಕಷ್ಟವೇ?

ಪ್ರೇಕ್ಷಕರ ವಿಷಯಕ್ಕೆ ಬಂದರೆ ನೀರು. 2023ರ ನವೆಂಬರ್‌ನಲ್ಲಿ ರಿಯೊ ಡಿ ಜನೈರೊದ ಕ್ರೀಡಾಂಗಣದಲ್ಲಿ ದೊಡ್ಡ ಸಂಗೀತ ಕಾರ್ಯಕ್ರಮವೊಂದರ ದಿನ ವಿಪರೀತ ಸೆಕೆ ಇತ್ತು. ಯುವ ಅಭಿಮಾನಿಯೊಬ್ಬಳು ಅಸ್ವಸ್ಥಳಾಗಿ ತೀರಿಕೊಂಡಳು. ಹೊರಗಿನಿಂದ ನೀರಿನ ಬಾಟಲಿ ತರುವಂತಿಲ್ಲ ಅನ್ನುವ ನಿಯಮದ ಮೇಲೆ ಜನ ಸಿಟ್ಟಾದರು. ಮರುದಿನವೇ ಬ್ರೆಜಿಲ್ ಸರ್ಕಾರ ನೀರು ಒಳಗೆ ಬಿಡಬೇಕು ಅಂತ ಆದೇಶ ಮಾಡಿತು. ಒಂದು ದಿನದಲ್ಲಿ ಮಾಡಲು ಸಾಧ್ಯವಿದ್ದ ಆದೇಶ ಅದು. ಒಂದು ದಿನ ಮುಂಚೆ ಯಾಕೆ ಬರಲಿಲ್ಲ ಅನ್ನುವ ಪ್ರಶ್ನೆಯನ್ನು ಉಳಿದ ನಗರಗಳು ತಮಗೆ ತಾವೇ ಕೇಳಿಕೊಳ್ಳಬೇಕು.

ಮರುದಿನಕ್ಕೆ ಏನು ಉಳಿಯಿತು?

ನನಗೆ ಬೇಸಿಗೆ ಉತ್ಸವಗಳ ಮೇಲೆ ಸಿಟ್ಟಿಲ್ಲ. ಮೂರು ದಿನ ಊರೇ ಎದ್ದು ಕುಣಿದರೆ ಒಳ್ಳೆಯದೇ. ಆದರೆ ದುಡ್ಡು ಹೋಗುವ ದಾರಿ ನೋಡಿದರೆ ತೊಂದರೆ ಗೊತ್ತಾಗುತ್ತದೆ. ಪ್ರಾಯೋಜಕರಿಗೆ ಒಂದೇ ಜಾಗದಲ್ಲಿ ಜಾಸ್ತಿ ಜನ ಬೇಕು, ಬ್ಯಾನರ್ ಕಾಣಬೇಕು. ರಾಜಕಾರಣಿಗಳಿಗೆ ಉದ್ಘಾಟನೆ ಬೇಕು. ಈಜುಕೊಳದ ಕಾವಲುಗಾರನ ಸಂಬಳಕ್ಕೆ ಬ್ಯಾನರ್ ಕಟ್ಟಲು ಆಗುವುದಿಲ್ಲವಲ್ಲ. 2022ರ ಬೇಸಿಗೆಯಲ್ಲಿ ಅಮೆರಿಕದ ಎಷ್ಟೋ ನಗರಗಳಲ್ಲಿ ಕೊಳವಿತ್ತು, ನೀರಿತ್ತು, ಲೈಫ್‌ಗಾರ್ಡ್‌ಗಳೇ ಇರಲಿಲ್ಲ. ಕೆಲವು ಕೊಳಗಳು ತಡವಾಗಿ ತೆರೆದವು, ಕೆಲವು ತೆರೆಯಲೇ ಇಲ್ಲ. ಕೊಳ ಕಟ್ಟಿಸಿದ್ದು ಬಂಡವಾಳದ ಖರ್ಚು, ಅದು ಸುಲಭವಾಗಿ ಮಂಜೂರಾಗುತ್ತದೆ. ಕಾವಲುಗಾರ ದಿನದಿನದ ಖರ್ಚು, ಅದು ಮೊದಲು ಕತ್ತರಿಸಿ ಹೋಗುತ್ತದೆ.

ಇದಕ್ಕೆ ಉಲ್ಟಾ ಹೋದ ಊರುಗಳೂ ಇವೆ. ಕೊಲಂಬಿಯಾದ ರಾಜಧಾನಿ ಬೊಗೊಟಾದಲ್ಲಿ 1974ರಲ್ಲಿ ಶುರುವಾದ ಸಿಕ್ಲೊವಿಯಾ ಇವತ್ತು ಪ್ರತಿ ಭಾನುವಾರ ಮತ್ತು ರಜಾ ದಿನ ಬೆಳಗ್ಗೆ 7ರಿಂದ ಮಧ್ಯಾಹ್ನ 2ರವರೆಗೆ ನಡೆಯುತ್ತದೆ. ನೂರು ಕಿಲೋಮೀಟರಿಗಿಂತ ಜಾಸ್ತಿ ಉದ್ದದ ರಸ್ತೆಗಳಿಂದ ಕಾರುಗಳನ್ನು ಹೊರಗಿಡುತ್ತಾರೆ. ಜನ ಸೈಕಲ್ ಹೊಡೆಯುತ್ತಾರೆ, ಓಡುತ್ತಾರೆ, ಮಕ್ಕಳು ಸ್ಕೇಟಿಂಗ್ ಮಾಡುತ್ತಾರೆ. ದಾರಿಯ ಪಾರ್ಕುಗಳಲ್ಲಿ ಪುಕ್ಕಟೆ ವ್ಯಾಯಾಮ ತರಗತಿ ನಡೆಯುತ್ತದೆ. ಹೊಸದಾಗಿ ಏನನ್ನೂ ಕಟ್ಟಿಲ್ಲ. ಇದ್ದ ರಸ್ತೆಯನ್ನೇ ಕೆಲವು ಗಂಟೆ ಬೇರೆಯವರಿಗೆ ಕೊಟ್ಟರು, ಅದೂ ಬೆಳಗಿನ ಹೊತ್ತು. ನ್ಯೂಯಾರ್ಕ್ 2008ರಲ್ಲಿ ಇದೇ ಯೋಚನೆ ತೆಗೆದುಕೊಂಡು ಸಮ್ಮರ್ ಸ್ಟ್ರೀಟ್ಸ್ ಶುರು ಮಾಡಿತು. ಅಲ್ಲಿ ಅದು ಆಗಸ್ಟಿನ ಕೆಲವು ಶನಿವಾರಗಳ ಉತ್ಸವವಾಯಿತು. ಬೊಗೊಟಾದಲ್ಲಿ ಅದು ವಾರದ ರೂಢಿ. ನಾನಾದರೆ ರೂಢಿಗೇ ಓಟು ಹಾಕುತ್ತೇನೆ.

ಪ್ಯಾರಿಸ್‌ನ ಕತೆ ಇನ್ನೂ ಚೆನ್ನಾಗಿದೆ. 2002ರಲ್ಲಿ ಮೇಯರ್ ಬರ್ಟ್ರಾಂಡ್ ದೆಲನೊಯೆ ಸೇನ್ ನದಿ ದಂಡೆಯ ಹೆದ್ದಾರಿಯಲ್ಲಿ ಬೇಸಿಗೆಯ ಕೆಲವು ವಾರ ವಾಹನ ನಿಲ್ಲಿಸಿ ಮರಳು ಸುರಿಸಿದರು, ಆರಾಮಕುರ್ಚಿ ಹಾಕಿಸಿದರು. ರಜೆಗೆ ಸಮುದ್ರ ತೀರಕ್ಕೆ ಹೋಗಲು ಆಗದವರಿಗೆ ಊರಲ್ಲೇ ತೀರ. ಬಹಳ ಜನ ನಕ್ಕರು. ಆದರೆ ವರ್ಷ ವರ್ಷ ಅದೇ ನಡೆದು, ಆ ರಸ್ತೆ ಇಲ್ಲದೆಯೂ ಊರು ನಡೆಯುತ್ತದೆ ಅನ್ನುವುದು ಜನರಿಗೆ ರೂಢಿಯಾಯಿತು. ಕೊನೆಗೆ 2016ರ ಹೊತ್ತಿಗೆ ಬಲದಂಡೆಯ ಆ ರಸ್ತೆಯ ಭಾಗವನ್ನು ಕಾರುಗಳಿಗೆ ಶಾಶ್ವತವಾಗಿ ಮುಚ್ಚಿದರು.

ಸೇನ್ ನದಿಯಲ್ಲಿ 1923ರಿಂದ ಈಜು ನಿಷಿದ್ಧವಾಗಿತ್ತು. 2024ರ ಒಲಿಂಪಿಕ್ಸ್ ನೆಪದಲ್ಲಿ ಸುಮಾರು 140 ಕೋಟಿ ಯೂರೊ ಸುರಿದು ಕೊಳಚೆ ನೀರು ಹಿಡಿದಿಡುವ ವ್ಯವಸ್ಥೆ ಮಾಡಿದರು. ಆದರೂ ಮಳೆ ಬಂದು ನೀರು ಕೆಟ್ಟಿದ್ದರಿಂದ ಪುರುಷರ ಟ್ರಯಥ್ಲಾನ್ (ಈಜು, ಸೈಕಲ್, ಓಟ ಮೂರೂ ಸೇರಿದ ಸ್ಪರ್ಧೆ) ಒಂದು ದಿನ ಮುಂದೆ ಹೋಯಿತು. ಜಗತ್ತೆಲ್ಲ ಗೇಲಿ ಮಾಡಿತು. 2025ರ ಜುಲೈನಲ್ಲಿ ಮೂರು ಕಡೆ ಸಾಮಾನ್ಯ ಜನರಿಗೆ ಪುಕ್ಕಟೆ ಈಜಲು ಬಿಟ್ಟಾಗ ಆ ಗೇಲಿ ಮಾಡಿದವರು ಯಾರೂ ಮಾತಾಡಲಿಲ್ಲ. ಜೋರು ಮಳೆ ಬಂದ ಮೇಲೆ ಈಗಲೂ ಅಲ್ಲಿ ಈಜು ಬಂದ್. ಹೆಚ್ಚಿನ ಹಳೆಯ ನಗರಗಳಲ್ಲಿ ಮಳೆನೀರು, ಚರಂಡಿ ನೀರು ಒಂದೇ ಕೊಳವೆಯಲ್ಲಿ ಹೋಗುತ್ತವೆ. ಜೋರು ಮಳೆಗೆ ಕೊಳವೆ ತುಂಬಿದರೆ ಎಲ್ಲ ಸೇರಿ ನದಿಗೆ. ಕೋಪನ್‌ಹೇಗನ್ ಈ ಕೊಳವೆ ಕೆಲಸವನ್ನು ಮೊದಲೇ ಮಾಡಿಕೊಂಡು 2002ರಲ್ಲೇ ಬಂದರಿನ ನೀರಿನಲ್ಲಿ ಈಜುಕಟ್ಟೆ ತೆರೆಯಿತು. ಬೇಸಿಗೆಯ ಮೋಜಿನ ಹಿಂದೆ ಹೀಗೆ ಇಪ್ಪತ್ತು ವರ್ಷದ ಚರಂಡಿ ಕೆಲಸ ಇರುತ್ತದೆ. ಅದರ ಫೋಟೊ ಯಾರೂ ಹಾಕುವುದಿಲ್ಲ.

ಪುಕ್ಕಟೆಯ ಬೆಲೆ

1959ರಲ್ಲಿ ನ್ಯೂಯಾರ್ಕಿನಲ್ಲಿ ಒಂದು ಮಜವಾದ ಜಗಳ ನಡೆಯಿತು. ರಂಗಕರ್ಮಿ ಜೋಸೆಫ್ ಪ್ಯಾಪ್ ಸೆಂಟ್ರಲ್ ಪಾರ್ಕಿನಲ್ಲಿ ಶೇಕ್ಸ್‌ಪಿಯರ್ ನಾಟಕಗಳನ್ನು ಪುಕ್ಕಟೆ ತೋರಿಸುತ್ತಿದ್ದರು. ಪಾರ್ಕುಗಳ ಮುಖ್ಯಸ್ಥ ರಾಬರ್ಟ್ ಮೋಸೆಸ್, ಜನ ಕೂತು ಹುಲ್ಲು ಹಾಳಾಗುತ್ತಿದೆ, ಟಿಕೆಟ್ ಇಟ್ಟು ಅದರ ಖರ್ಚು ತುಂಬಿ ಅಂದರು. ಪ್ಯಾಪ್ ಒಪ್ಪಲಿಲ್ಲ. ಕೋರ್ಟಿಗೆ ಹೋದರು, ಗೆದ್ದರು. 1962ರಲ್ಲಿ ಅದೇ ಪಾರ್ಕಿನಲ್ಲಿ ಡೆಲಕಾರ್ಟ್ ಬಯಲು ರಂಗಮಂದಿರ ತೆರೆಯಿತು. ಇಂದಿಗೂ ಟಿಕೆಟ್ ಪುಕ್ಕಟೆ.

ಆದರೆ ಪುಕ್ಕಟೆ ಟಿಕೆಟ್‌ಗೆ ಬೆಳಗ್ಗಿನಿಂದ ಕ್ಯೂ ನಿಲ್ಲಬೇಕು. ಬೆಳಗ್ಗಿನಿಂದ ಕ್ಯೂ ನಿಲ್ಲುವ ಪುರುಸೊತ್ತು ಯಾರಿಗಿರುತ್ತದೆ? ದಿನಗೂಲಿಯವರಿಗೆ ಇರುವುದಿಲ್ಲ. ಆನ್‌ಲೈನ್ ಲಾಟರಿ ಇಟ್ಟಿರುವುದು ಒಂದು ಪರಿಹಾರ, ಪೂರ್ತಿ ಅಲ್ಲ. ಇನ್ನೊಂದು ಬೆಲೆ ವಾಪಸ್ ಹೋಗುವ ದಾರಿಯದು. ಬಿಸಿಲು ತಪ್ಪಿಸಲು ನಾಟಕ ರಾತ್ರಿ ಹತ್ತೂವರೆಗೆ ಮುಗಿದರೆ, ಕೊನೆಯ ಬಸ್ಸು ಹತ್ತಕ್ಕೆ ಹೋಗಿದ್ದರೆ, ಸ್ವಂತ ಗಾಡಿ ಇದ್ದವರಷ್ಟೇ ಬರುತ್ತಾರೆ. ಒಬ್ಬರೇ ಬರುವ ಹೆಣ್ಣುಮಕ್ಕಳು ಬರುವುದೇ ಇಲ್ಲ. ಬೆಳಗ್ಗೆ ಐದಕ್ಕೆ ಇಟ್ಟ ಓಟದ ಕತೆಯೂ ಇದೇ. ಹೊತ್ತು ಬದಲಿಸುವ ಸಂಸ್ಕೃತಿ ಇಲಾಖೆಯವರು ಬಸ್ಸಿನ ಇಲಾಖೆಗೆ ಒಂದು ಫೋನ್ ಮಾಡಿದ್ದರೋ ಇಲ್ಲವೋ ಅನ್ನುವುದರ ಮೇಲೆ ಅರ್ಧ ಪ್ರೇಕ್ಷಕರು ನಿಂತಿದ್ದಾರೆ.

ಹದಿಹರೆಯದವರ ಬಗ್ಗೆ ಪ್ರತ್ಯೇಕ ಹೇಳಬೇಕು. ಶಿಬಿರಗಳೆಲ್ಲ ಚಿಕ್ಕ ಮಕ್ಕಳಿಗೆ, ಕಛೇರಿಗಳೆಲ್ಲ ದೊಡ್ಡವರಿಗೆ. ಹದಿನಾರರ ಹುಡುಗ ಎಲ್ಲಿಗೂ ಸೇರದವನು. ಷಿಕಾಗೊದಲ್ಲಿ 2012ರ ಬೇಸಿಗೆಯಲ್ಲಿ ಅಪರಾಧ ಜಾಸ್ತಿ ಇರುವ ಬಡಾವಣೆಗಳ ಹುಡುಗ ಹುಡುಗಿಯರಿಗೆ ಲಾಟರಿ ಎತ್ತಿ ಎಂಟು ವಾರದ ಅರೆಕಾಲಿಕ ಕೆಲಸ ಕೊಟ್ಟರು. ಶಿಬಿರಗಳಲ್ಲಿ ಸಹಾಯ, ತೋಟದ ಕೆಲಸ, ಕಚೇರಿ ಕೆಲಸ ಇಂಥವು. ಮುಂದಿನ 16 ತಿಂಗಳಲ್ಲಿ ಲಾಟರಿಯಲ್ಲಿ ಹೆಸರು ಬಂದವರ ಗುಂಪಿನಲ್ಲಿ ಹಿಂಸೆಯ ಅಪರಾಧಕ್ಕೆ ಬಂಧನವಾಗಿದ್ದು ಬರದವರ ಗುಂಪಿಗಿಂತ ಶೇ 43 ಕಡಿಮೆ. ಹುಡುಗರನ್ನು ಕೆಲಸಕ್ಕೆ ಹಚ್ಚಿದರೆ ಜಗಳಕ್ಕೆ ಪುರುಸೊತ್ತಿರಲ್ಲ, ಅದಕ್ಕೇ ಕಡಿಮೆಯಾಗಿದೆ ಅನ್ನಬಹುದು. ಹಾಗಲ್ಲ. ಇಳಿಕೆಯ ಹೆಚ್ಚಿನ ಪಾಲು ಕಾಣಿಸಿದ್ದು ಕೆಲಸ ಮುಗಿದ ಮೇಲಿನ ತಿಂಗಳುಗಳಲ್ಲಿ. ಆ ಹುಡುಗರ ಒಳಗೇ ಏನೋ ಬದಲಾಗಿತ್ತು. ಬೇಸಿಗೆ ಕಾರ್ಯಕ್ರಮಗಳನ್ನು ನಡೆಸುವ ಕೆಲಸವನ್ನೇ ಈ ವಯಸ್ಸಿನವರಿಗೆ ಸಂಬಳ ಕೊಟ್ಟು ವಹಿಸಿದರೆ ಎರಡೂ ಆಗುತ್ತದೆ.

ರದ್ದಾದ ದಿನದ ಕೂಲಿ

ಇನ್ನು ಮುಂದೆ ಕಾರ್ಯಕ್ರಮ ರದ್ದಾಗುವುದು ಅಪರೂಪವಾಗಿ ಉಳಿಯುವುದಿಲ್ಲ. 2019ರ ಜುಲೈನಲ್ಲಿ ಸೆಕೆಯ ಅಲೆಗೆ ನ್ಯೂಯಾರ್ಕ್ ನಗರದ ಟ್ರಯಥ್ಲಾನ್ ರದ್ದಾಯಿತು. ಸ್ಪರ್ಧಿಗಳಿಗೆ ಶುಲ್ಕ ವಾಪಸ್ ಕೊಡುವುದಾಗಿ ಆಯೋಜಕರು ಹೇಳಿದರು. ದೊಡ್ಡ ಸಂಸ್ಥೆಗೆ ಅದು ಸಾಧ್ಯ. ಚಿಕ್ಕ ಆಯೋಜಕರು ರದ್ದು ಮಾಡಲು ಹಿಂಜರಿಯುವುದೇ ದುಡ್ಡಿನ ಭಯಕ್ಕೆ. ಕಡೇ ಗಳಿಗೆವರೆಗೆ ಕಾಯುತ್ತಾರೆ, ಮೋಡ ಬರಬಹುದು ಅಂತ ನೋಡುತ್ತಾರೆ, ಕೊನೆಗೆ ನಡೆಸಿಯೇಬಿಡುತ್ತಾರೆ. ಆದ್ದರಿಂದ ಯಾವ ಅಂಕಿಗೆ ರದ್ದು, ಯಾವಾಗ ತಿಳಿಸುತ್ತೇವೆ, ಯಾರಿಗೆ ಎಷ್ಟು ಕೊಡುತ್ತೇವೆ ಅನ್ನುವುದನ್ನು ಕಾರ್ಯಕ್ರಮದ ಪಟ್ಟಿ ಹೊರಡಿಸುವ ದಿನವೇ ಬರೆದಿಡಬೇಕು. ಒಳಾಂಗಣದ ಬದಲಿ ಜಾಗ ಇದ್ದರೆ ಇನ್ನೂ ಒಳ್ಳೆಯದು. ರಜೆಯಲ್ಲಿ ಬೀಗ ಹಾಕಿಕೊಂಡು ಕೂತ ಶಾಲೆಗಳ ಸಭಾಂಗಣಗಳೇ ಎಷ್ಟಿಲ್ಲ?

ರದ್ದಾದ ದಿನ ಹೆಸರಾಂತ ಕಲಾವಿದರಿಗೆ ಮುಂಗಡ ಬಂದಿರುತ್ತದೆ. ತಬಲಾ ಸಾಥಿಗೆ, ಮೇಕಪ್‌ನವರಿಗೆ, ಶಾಮಿಯಾನದವರಿಗೆ, ಹೊರಗೆ ಕೈಗಾಡಿ ನಿಲ್ಲಿಸಿ ವ್ಯಾಪಾರ ಮಾಡುವವರಿಗೆ ಆ ದಿನ ಸೊನ್ನೆ. ಇದಕ್ಕೆ ಒಂದು ದಾರಿ ಬೇರೆ ಕ್ಷೇತ್ರದಲ್ಲಿ ಆಗಲೇ ತೆರೆದಿದೆ. 2023ರಲ್ಲಿ ಗುಜರಾತಿನ ಸೇವಾ ಮಹಿಳಾ ಸಂಘಟನೆ ಅಸಂಘಟಿತ ಕೆಲಸದ ಹೆಂಗಸರಿಗೆ ಸೆಕೆಯ ವಿಮೆ ಶುರು ಮಾಡಿತು. ನಷ್ಟ ಆಯಿತು ಅಂತ ಅರ್ಜಿ ಹಾಕಿ ಅಲೆಯಬೇಕಾಗಿಲ್ಲ. ಆ ಊರಿನ ಉಷ್ಣತೆ ಇಷ್ಟು ದಿನ ಈ ಗೆರೆ ದಾಟಿದರೆ ದುಡ್ಡು ನೇರ ಖಾತೆಗೆ ಬರಬೇಕು, ಅದು ಅದರ ವಿಧಾನ. ಉತ್ಸವದ ಬಜೆಟ್‌ನಲ್ಲಿ ಹೂವಿನ ಅಲಂಕಾರಕ್ಕೆ, ನೆನಪಿನ ಕಾಣಿಕೆಗೆ ಇಡುವ ಮೊತ್ತದಲ್ಲಿ ಒಂದು ಪಾಲನ್ನು ಇಂಥ ವಿಮೆಯ ಕಂತಿಗೆ ತಿರುಗಿಸಬಹುದು. ಆಗ ಆಯೋಜಕರಿಗೂ ಇವತ್ತು ಬೇಡ ಅನ್ನುವ ಧೈರ್ಯ ಬರುತ್ತದೆ. ವೇದಿಕೆ ಕಟ್ಟಲು ಬಂದವರು ಆ ದಿನದ ಕೂಲಿ ಕಳೆದುಕೊಳ್ಳದೆ ಮನೆಗೆ ಹೋಗಬಹುದು.